ಬಾಗಿಲ ಹಿಂದಿನ ಮೊಳೆ

ಕೋಟಿನ ಬಲತೋಳಿನೊಳಗೆ ಕೈ ಹೋಯಿತು. ಹೊರಗೆ ಬರುವುದು ಹೇಗೆ ಎನ್ನುವುದು ಆಮೇಲಿನ ಮಾತು. ದೋಣಿಯ ಹಿಂಭಾಗದಲ್ಲಿ ಕ್ಯಾಪ್ಟನ್ ಕೊರಿನ್ ಎಲ್ಲರಿಗೂ ಕಿತ್ತಳೆ ಬಣ್ಣದ ದಪ್ಪ ರಬ್ಬರಿನ ಮಳೆಕೋಟು ಹಂಚುತ್ತಿದ್ದಳು. ಆರ್ಡಿತ್ ತನ್ನದನ್ನು ಇಸಿದುಕೊಂಡು, ಉಳಿದವರಿಗೆ ಬೆನ್ನು ಮಾಡಿ, ನೋಯುವ ಕೈಯನ್ನೇ ಮೊದಲು ತೂರಿಸಿ, ಎಡಗೈಯಿಂದ ಕೊರಳಪಟ್ಟಿ ಹಿಡಿದು ಮೇಲಕ್ಕೆಳೆದುಕೊಂಡಳು. ಕಳೆದ ಚಳಿಗಾಲದಲ್ಲಿ ಕಲಿತ ವಿದ್ಯೆ. ಹಾಕಿಕೊಳ್ಳುವುದಕ್ಕೆ ಒಂದು ಉಪಾಯ, ಬಿಚ್ಚುವುದಕ್ಕೆ ಇನ್ನೊಂದು. ಬಿಚ್ಚುವುದಕ್ಕೆ ಮನೆಯಲ್ಲಿ ಬಾಗಿಲ ಹಿಂದೆ ಒಂದು ಮೊಳೆ ಇತ್ತು. ತೋಳಿನ ತುದಿಯನ್ನು ಅದಕ್ಕೆ ಸಿಕ್ಕಿಸಿ, ಹಸು ಕೊಟ್ಟಿಗೆಯಿಂದ ಹಿಂದೆ ಹಿಂದೆ ಬರುವ ಹಾಗೆ ಸರಿದರೆ ಕೈ ತಾನಾಗಿ ಬಿಡಿಸಿಕೊಳ್ಳುತ್ತಿತ್ತು. ಮೊಳೆ ಏನೂ ಕೇಳುತ್ತಿರಲಿಲ್ಲ, ಅಯ್ಯೋ ಎನ್ನುತ್ತಿರಲಿಲ್ಲ, ಎಳೆಯುತ್ತಿರಲಿಲ್ಲ. ಇಲ್ಲಿ ಈ ತೇಲುವ ಹಾಳು ಪೆಟ್ಟಿಗೆಯಲ್ಲಿ ಅಂಥ ಮೊಳೆ ಎಲ್ಲಿದೆ ಎಂದು ಅವಳ ಕಣ್ಣು ಆಗಲೇ ಹುಡುಕುತ್ತಿತ್ತು. ಇರಲಿಲ್ಲ. ಕ್ಯಾಬಿನ್ನಿನೊಳಗೆ ಪ್ಲಾಸ್ಟಿಕ್ಕಿನ ದುಂಡು ಕೊಕ್ಕೆಗಳಿದ್ದವು, ಅವೂ ತಲೆಗಿಂತ ಎತ್ತರ.

"ಕೊಡಿ ಆರ್ಡಿತ್, ನಾನು ಹಿಡ್ಕೋತೀನಿ," ಎಂದು ಡ್ವೈಟ್ ಅವಳ ಊಟದ ಚೀಲಕ್ಕೆ ಕೈ ಚಾಚಿದ. ಕೊಡಲಿ ಎಂದು ಕಾಯಲೂ ಇಲ್ಲ. ಚೀಲ ಅವನ ಕೈಯಲ್ಲಿತ್ತು. ಅವಳ ಬೆರಳುಗಳು ಒಂದು ಕ್ಷಣ ಖಾಲಿ ಗಾಳಿಯಲ್ಲಿ ಮಡಿಸಿಕೊಂಡೇ ಉಳಿದವು. ಒಂದು ತುಂಡು ರೊಟ್ಟಿ, ಮೂಸ್ ಜಿಂಕೆಯ ಮಾಂಸದ ಸಾಸೇಜು, ಒಂದು ಫ್ಲಾಸ್ಕು. ಇದನ್ನು ಹೊರಲಾರಳೇ? ಇವನಿಗೆ ಮೀಸೆ ಚಿಗುರುವ ಮುಂಚೆ ಇವನ ಕೈಗೆ ಗೋಣಿಸೂಜಿ ಕೊಟ್ಟು ಚೀಲ ಹೊಲಿಯುವುದು ಕಲಿಸಿದವಳು ಅವಳು. ಇವನಪ್ಪನ ಕಾಲದಲ್ಲಿ ಇವನು ಮಿಲ್ಲಿನ ಅಂಗಳದಲ್ಲಿ ಬಾರ್ಲಿ ರಾಶಿಯ ಮೇಲೆ ಜಾರುಬಂಡೆ ಆಡುತ್ತಿದ್ದ. ಈಗ ಮಿಲ್ಲು ಅವನದು. ಹೋದ ವಾರ ಕ್ಯಾಂಟೀನಿನಲ್ಲಿ ಕಾಫಿಲೋಟ ಮುಂದಿಟ್ಟುಕೊಂಡು, ಅದರ ಅಂಚನ್ನೇ ನೋಡುತ್ತ, "ಈ ಸುಗ್ಗಿಗೆ ನಿಮಗೆ ಸ್ವಲ್ಪ ಹಗುರದ ಕೆಲಸ ನೋಡೋಣ ಅಂತಿದೀನಿ. ಮುಂದಿನ ಕೌಂಟರ್ ಇದೆಯಲ್ಲ. ಬೆಚ್ಚಗಿರುತ್ತೆ. ಬಂದೋರ ಜತೆ ಮಾತಾಡ್ಕೊಂಡು ಇರಬಹುದು," ಎಂದಿದ್ದ. "ಯಾಕೆ? ನನ್ನ ಜರಡೀಲಿ ಏನು ತಪ್ಪು ಕಾಣಿಸ್ತು ನಿಂಗೆ?" "ಅಯ್ಯೋ, ತಪ್ಪು ಅಂತಲ್ಲ. ಇರಲಿ ಬಿಡಿ, ಸಮುದ್ರಕ್ಕೆ ಹೋಗಿ ಬಂದ ಮೇಲೆ ಸೋಮವಾರ ಮಾತಾಡೋಣ." ಬೀಜ ಹಸನು ಮಾಡುವ ಯಂತ್ರದ ಮುಂದೆ ನಿಂತು ಅವಳಿಗೆ ಕೂದಲು ಬೆಳ್ಳಗಾಗಿತ್ತು. ಜೊಳ್ಳು ಹಾರಿಸುವ ಗಾಳಿಯ ಬಾಗಿಲು, ಒಂದರ ಕೆಳಗೊಂದು ಅಲುಗುವ ಜರಡಿಗಳು, ಕಾಲಡಿಯ ಹಲಗೆಯ ನಡುಕ. ಅದು ನಿಂತರೆ ಅವಳು ಏನು? ಕೌಂಟರಿನ ಹಿಂದೆ ಕೂತು, ಬಂದವರಿಗೆಲ್ಲ ಇವತ್ತು ಚಳಿ ಜಾಸ್ತಿ ಅಲ್ವಾ ಎನ್ನುವ ಮುದುಕಿ. ಆದ್ದರಿಂದ ಇವತ್ತು ಒಂದು ಮೀನು, ದೊಡ್ಡದೋ ಚಿಕ್ಕದೋ, ತಾನೇ ತಳದಿಂದ ಎಳೆದು ಮೇಲೆ ತರಬೇಕು, ಅದನ್ನು ಡ್ವೈಟ್ ನೋಡಬೇಕು. ಹಿಂದಿನ ರಾತ್ರಿ ಲಾಡ್ಜಿನ ಹಾಸಿಗೆಯಲ್ಲಿ ಎಡಮಗ್ಗುಲಾಗಿ ಮಲಗಿ ಅವಳು ನಿರ್ಧರಿಸಿದ್ದು ಇಷ್ಟೇ. ಹುಚ್ಚು ನಿರ್ಧಾರ ಎಂದು ಗೊತ್ತಿತ್ತು. ಗೊತ್ತಿದ್ದರಿಂದ ಸಿಟ್ಟು ಇನ್ನಷ್ಟು ಬಂದಿತ್ತು.

ಪ್ರತಿವರ್ಷ ಸುಗ್ಗಿಗೆ ಮುಂಚೆ ಒಂದು ದಿನ ಮಿಲ್ಲು ಮುಚ್ಚಿ ಎಲ್ಲರೂ ಒಳನಾಡಿನ ತಮ್ಮೂರು ಡೆಲ್ಟಾದಿಂದ ಘಟ್ಟ ದಾಟಿ ವಾಲ್ಡೀಜ್ ಬಂದರಿಗೆ ಮೀನು ಹಿಡಿಯಲು ಇಳಿಯುವುದು ಪದ್ಧತಿ. ಕೆಲಸ ಬಿಟ್ಟವರನ್ನೂ ಕರೆಯುತ್ತಿದ್ದರು. ಹಾಗಾಗಿ ಮೈಲೊ ಮುದುಕನೂ ಬಂದಿದ್ದ. ಬಂದವನು ಯಾವತ್ತಿನಂತೆ ಅವಳ ಪಕ್ಕದಲ್ಲೇ ಕೂತು, ಯಾವತ್ತಿನಂತೆ ತಾನು ಕುದಿಸಿದ ಕ್ರ್ಯಾನ್‌ಬೆರಿ ಜಾಮಿನ ಸೀಸೆಯನ್ನು ಅವಳ ಜೇಬಿಗೆ ತುರುಕಿದ. ಅವನ ಕೈ ನಡುಗುತ್ತಿತ್ತು. ಅದು ಹಳೆಯ ನಡುಕ. ಅವಳು ಅದನ್ನು ನೋಡದ ಹಾಗೆ ನೀರು ನೋಡಿದಳು.

"ಬಾಳೆಹಣ್ಣಿನ ವಾಸನೆ!" ಎಂದು ಕೊರಿನ್ ಕೂಗಿದಳು. "ಯಾರದು? ಯಾರು ತಂದಿದ್ದು?"

ಲಾರಿ ಓಡಿಸುವ ಲೈಲ್ ಬಗಲಿನ ಡಬ್ಬಿ ತೋರಿಸಿದ. "ಕೇಕು ಕಣಮ್ಮ. ಹೆಂಡ್ತಿ ಮಾಡಿ ಕೊಟ್ಲು."

"ಬಾಳೆಹಣ್ಣು ದೋಣಿ ಹತ್ತಿದ್ರೆ ಮೀನು ಹತ್ತಲ್ಲ. ಇಳ್ಸು ಅದನ್ನ. ಇಲ್ಲಾ ನೀನಿಳಿ."

"ಅವಳಿಗೆ ಏನು ಹೇಳ್ಲಿ ನಾನು?"

"ಹದ್ದು ತಿಂತು ಅನ್ನು. ಹೊಗಳ್ತಾ ತಿಂತು ಅನ್ನು."

ಎಲ್ಲರೂ ನಕ್ಕರು. ಡಬ್ಬಿ ದಡದ ಹಲಗೆಯ ಮೇಲೆ ಉಳಿಯಿತು. ಹಗ್ಗ ಬಿಚ್ಚುವ ಮೊದಲೇ ಕಡಲಕಾಗೆಗಳು ಮುತ್ತಿದ್ದವು. ಬಂದರು ದಾಟುವಾಗ ಕೊರಿನ್ ಒಂದು ಗಾಳವನ್ನು ಎತ್ತಿ ಹಿಡಿದು ತನ್ನ ಪಾಠ ಹೇಳಿದಳು. ಉಂಗುರದ ಹಾಗೆ ಒಳಕ್ಕೆ ಬಾಗಿದ ಗಾಳ. "ಕಚ್ಚಿದ ತಕ್ಷಣ ಜಗ್ಗಬೇಡಿ. ಒಣನೆಲದೋರು ನೀವು, ಕೈ ತಡೆಯಲ್ಲ, ಜಗ್ತೀರಿ. ಜಗ್ಗಿದ್ರೆ ಬಾಯಿಂದ ಜಾರಿ ಬರುತ್ತೆ. ಸುಮ್ನೆ ಹಿಡ್ಕೊಂಡಿರಿ. ಹಾಲಿಬಟ್ ಮೀನು ತಾನೇ ತಿರುಗಿ ಹೋಗ್ತಾ ತಾನೇ ಸಿಕ್ಕಿಸ್ಕೊಳ್ಳುತ್ತೆ. ಇನ್ನೊಂದು. ಇದು ನಮ್ಮಪ್ಪನ ಕಾಲದಿಂದ ಈ ದೋಣಿ ಕಟ್ಟಳೆ. ಗಾಳದ ಕೋಲು ಒಬ್ಬರ ಕೈಯಲ್ಲೇ ಇರಬೇಕು. ಸುಸ್ತಾದ್ರೆ ಬಾಯಿಬಿಟ್ಟು ಕೇಳಿ, ಕೊಡಿ. ನೀವು ಕೇಳದೆ ಇನ್ನೊಬ್ಬರ ಕೈ ತಾಗ್ತೋ, ಆ ಮೀನು ಇಬ್ಬರದ್ದೂ ಅಲ್ಲ. ತಿನ್ನಬಹುದು. ನಂದು ಅಂತ ಹೇಳ್ಕೊಳ್ಳೋ ಹಾಗಿಲ್ಲ."

"ಮಿಲ್ಲಲ್ಲಿ ಹೀಗಂದ್ರೆ ಒಂದೇ ದಿನಕ್ಕೆ ಎಲ್ಲರ ಕಾಲೂ ಮುರಿದಿರುತ್ತೆ," ಎಂದ ಲೈಲ್. ನಿಜವೇ. ಮಿಲ್ಲಿನ ಕಟ್ಟಳೆ ಇದಕ್ಕೆ ತಿರುಗುಮುರುಗು. ಅಲ್ಲಿ ಯಂತ್ರದ ಸದ್ದಿಗೆ ಎಲ್ಲರ ಕಿವಿಗೂ ಮುಚ್ಚಿಗೆ; ಕೇಳುವುದು ಹೇಳುವುದು ಎಂಬುದೇ ಇಲ್ಲ. ಪೇರಿಸಿದ ಚೀಲ ವಾಲಿದರೆ, ಯಂತ್ರದ ಪಟ್ಟಿ ಜಾರಿದರೆ, ಪಕ್ಕದವನ ಮೊಣಕಾಲು ಕುಸಿದರೆ, ಕಂಡವರ ಕೈ ಮುಂದೆ. ಹೊಸಬರಿಗೆ ಮೊದಲ ದಿನ ಹೇಳಿಕೊಡುವ ಮಾತೇ ಅದು: ಕಂಡವರ ಕೈ ಮುಂದೆ. ಆರ್ಡಿತಳೇ ಎಷ್ಟು ಜನಕ್ಕೆ ಹೇಳಿಕೊಟ್ಟಿದ್ದಳೋ.

ಕೊಲ್ಲಿಯ ಬಾಯಲ್ಲಿ ನೀರು ಬೂದಿಬಣ್ಣಕ್ಕೆ ತಿರುಗಿತು. ತುಂತುರು. ಬೆಟ್ಟಗಳ ತಲೆ ಮೋಡದೊಳಗಿತ್ತು. ಹಿಮನದಿಯಿಂದ ಕಳಚಿ ಬಂದ ತುಣುಕುಗಳು ಒಡೆದ ಪಿಂಗಾಣಿಯಂತೆ ಅಲ್ಲಲ್ಲಿ ತೇಲುತ್ತಿದ್ದವು. ನೀರುನಾಯಿಗಳು ಅಂಗಾತ ಮಲಗಿ, ಎದೆಯ ಮೇಲೆ ಕಲ್ಲಿಟ್ಟುಕೊಂಡು ಚಿಪ್ಪು ಕುಟ್ಟಿ ತಿನ್ನುತ್ತಿದ್ದವು. ಎಲ್ಲರ ಫೋನುಗಳೂ ಹೊರಬಂದವು. "ಯಜಮಾನೀ, ನೋಡು ನೋಡು, ನಿನ್ ಹಾಗೇ ಜೊಳ್ಳು ಬೇರೆ ಕಾಳು ಬೇರೆ ಮಾಡ್ತಿದೆ," ಎಂದು ಲೈಲ್ ಆರ್ಡಿತಳ ಭುಜಕ್ಕೆ ತಟ್ಟಿದ. ಬಲಭುಜಕ್ಕೆ. ಕಣ್ಣೆದುರು ಬಿಳಿ ಚುಕ್ಕಿಗಳು ಹಾರಿದವು. ಅವಳು ಹಲ್ಲು ಕಚ್ಚಿ ನಕ್ಕಳು, ನಕ್ಕಿದ್ದಕ್ಕೆ ತನ್ನನ್ನೇ ಶಪಿಸಿಕೊಂಡಳು. ಹಡಗುಗಳಿಗೆ ದಾರಿ ತೋರಲು ತೇಲಿಬಿಟ್ಟ ಒಂದು ಗುರುತುಬುರುಡೆಯ ಮೇಲೆ ಕಡಲಸಿಂಹಗಳು ಒಂದರ ಮೇಲೊಂದು ಬಿದ್ದು ಗೊರಗೊರ ಜಗಳವಾಡುತ್ತಿದ್ದವು. ಎಲ್ಲಕ್ಕಿಂತ ಮೇಲೆ ಮಲಗಿದ್ದ ದೊಡ್ಡ ಗಂಡು ಕಣ್ಣುಮುಚ್ಚಿಕೊಂಡೇ ಕೆಳಗಿನದರ ಕುತ್ತಿಗೆಯನ್ನು ತುಳಿಯಿತು, ತುಳಿಸಿಕೊಂಡದ್ದು ನೀರಿಗೆ ಜಾರಿತು. ಮೇಲಿದ್ದವನಿಗೆ ಅದು ಗೊತ್ತೇ ಆಗಲಿಲ್ಲ, ನಿದ್ದೆ ಮುಂದುವರಿಸಿದ. ಮೋಹಕವಾಗಿದೆ ಎಂದರು ಯಾರೋ. ಆರ್ಡಿತಳಿಗೆ ಆ ನಿದ್ದೆಯ ಮುಖದ ಮೇಲೆ ಏನಾದರೂ ಎಸೆಯಬೇಕೆನ್ನಿಸಿತು.

ಮೀನಿನ ಜಾಗ ಬಂತು. ದೋಣಿ ಲಂಗರು ಹಾಕಿತು. ಕೊರಿನ್ ಹೆರ್ರಿಂಗ್ ಮೀನಿನ ತುಂಡು ಚುಚ್ಚಿದ ಗಾಳಗಳನ್ನು ಎಲ್ಲರ ಕೈಗೆ ಕೊಟ್ಟಳು. ಸೀಸದ ಗುಂಡು ಇಳಿಯಿತು, ಇಳಿಯುತ್ತಲೇ ಇತ್ತು. ಕೆಳಗೆ ಇನ್ನೊಂದು ಬೆಟ್ಟವೇ ಇದೆಯೇನೋ, ಅದರ ಬುಡ ಸಿಗುತ್ತಿಲ್ಲವೇನೋ. ಕಡೆಗೆ ತಟ್ ಎಂದಿತು. ಅವಳು ಎಡಗೈಯಲ್ಲಿ ಕೋಲು ಹಿಡಿದು ಅದನ್ನು ದೋಣಿಯಂಚಿನ ಕಟಕಟೆಯ ಮೇಲೆ ಊರಿದಳು. ದಾರ ಸುತ್ತುವ ರಾಟೆಯ ಹಿಡಿ ಬಲಕ್ಕಿತ್ತು. ತಿರುಗಿಸುವುದು ಬಲಗೈಯೇ. ಮೊಣಕೈಯನ್ನು ಪಕ್ಕೆಗೆ ಒತ್ತಿಕೊಂಡರೆ ಭುಜ ಅಲುಗದೆ ಬರೀ ಮುಂಗೈ ತಿರುಗುತ್ತದೆ, ಅಷ್ಟು ತಾಳುತ್ತದೆ ಎಂದು ಅಡುಗೆಮನೆಯಲ್ಲಿ ಮಾಂಸ ಅರೆಯುವ ಯಂತ್ರದ ಹಿಡಿ ತಿರುಗಿಸಿ ತಿರುಗಿಸಿ ಅಭ್ಯಾಸ ಮಾಡಿದ್ದಳು. ಅರೆಯುವುದಕ್ಕೆ ಮಾಂಸವಿಲ್ಲದೆ, ಖಾಲಿ ಯಂತ್ರ ತಿರುಗಿಸುತ್ತ ನಿಂತ ಹೆಂಗಸು. ಕಿಟಕಿಯಿಂದ ಯಾರಾದರೂ ನೋಡಿದ್ದರೆ? ನೋಡಿದ್ದರೆ ಏನು! ನೋಡಿ ಸಾಯಲಿ.

ಕೋಲಿನ ತುದಿ ಒಮ್ಮೆ ತಲೆದೂಗಿತು. ಜಗ್ಗಬೇಡ. ಮತ್ತೆ ತೂಗಿತು. ಪಕ್ಕದಲ್ಲಿ ಲೈಲ್ ಅಷ್ಟರಲ್ಲಿ ಜಗ್ಗಿ ಕಳೆದುಕೊಂಡು ಬೈಯುತ್ತಿದ್ದ. ಜಗ್ಗಬೇಡ, ಜಗ್ಗಬೇಡ. ಈ ಒಂದು ವಿದ್ಯೆ ಅವಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಕ್ಯಾಂಟೀನಿನ ಆ ಮಾತಿನ ನಂತರ ಒಂದು ವಾರ ಪೂರ್ತಿ ಅವಳು ಮಾಡಿದ್ದು ಅದೇ, ಬಾಯಿಯೊಳಗಿನ ಮಾತನ್ನು ಜಗ್ಗದೆ ಹಿಡಿದುಕೊಂಡದ್ದು. ತುದಿ ಬಾಗಿತು. ಬಾಗಿ ನೀರಿನ ಕಡೆಗೆ ಹೋಯಿತು, ಹೋದದ್ದು ಮೇಲೆ ಬರಲಿಲ್ಲ. ಕೆಳಗೆ ಏನೋ ದೊಡ್ಡದು ನಿಧಾನವಾಗಿ ಮೈ ತಿರುಗಿಸಿತ್ತು.

"ಬಂತು! ಯಜಮಾನಿಗೆ ಬಂತು!"

ತಿರುಗಿಸಿದಳು. ಮೊಣಕೈ ಪಕ್ಕೆಯಲ್ಲೇ ಇತ್ತು. ತಿರುಗಿಸಿದಳು. ಮೀನು ತನಗೆ ಬೇಕಾದಾಗ ದಾರವನ್ನು ವಾಪಸು ಎಳೆದುಕೊಂಡು ತಳಕ್ಕೆ ಹೋಗಿ ಕೂರುತ್ತಿತ್ತು. ಅವಳು ಮತ್ತೆ ಮೊದಲಿನಿಂದ ಶುರುಮಾಡುತ್ತಿದ್ದಳು. ಪಕ್ಕೆಯಿಂದ ಮೊಣಕೈ ಬಿಟ್ಟುಕೊಂಡಿತು. ಭುಜದೊಳಗೆ ಒದ್ದೆ ಹಗ್ಗವನ್ನು ಯಾರೋ ಹಿಂಡುತ್ತಿದ್ದರು. ಸುತ್ತ ಜನ ಸೇರಿದರು; ಅವರ ಉಸಿರು, ಅವರ ಕಾಫಿಯ ವಾಸನೆ. "ನಿಧಾನ ಆರ್ಡಿತ್." "ಸಾಕಾದ್ರೆ ಹೇಳು." "ಯಾರೂ ಏನೂ ಅಂದ್ಕೊಳ್ಳಲ್ಲ." ಯಾರೂ ಏನೂ ಅಂದುಕೊಳ್ಳುವುದಿಲ್ಲವಂತೆ! ಅಂದುಕೊಂಡಾಗಿದೆ, ಅದಕ್ಕೇ ಹೇಳುತ್ತಿದ್ದಾರೆ. ಅವಳಿಗೆ ನೋವಿನ ನಡುವೆ ಒಂದು ವಿಚಿತ್ರ ಸುಖ ಹುಟ್ಟಿತು: ಈ ಭಾರ ನನ್ನದು. ಇಷ್ಟು ಭಾರ ಕೆಳಗಿದೆ, ನಾನು ಇಲ್ಲಿದ್ದೇನೆ, ನಡುವೆ ಒಂದು ದಾರ, ಬೇರೆ ಯಾರೂ ಇಲ್ಲ. ಯಂತ್ರದ ಮುಂದೆ ನಿಂತಾಗಲೂ ಹೀಗೇ, ಕಾಲಡಿಯ ನಡುಕ ಹಲ್ಲಿನವರೆಗೆ ಬರುತ್ತಿತ್ತು. ನೀರಿನೊಳಗೆ ಮಸುಕಾಗಿ ಏನೋ ಬೆಳ್ಳಗೆ ಕಂಡಿತು, ಒಂದು ಬಾಗಿಲಿನಷ್ಟು ಅಗಲ. ಎಲ್ಲರೂ ಹೋ ಎಂದರು. ಆಗ ಅವಳ ಕೈ ಒಮ್ಮೆ ಹಿಡಿಯಿಂದ ಜಾರಿತು, ಒಂದೇ ಒಮ್ಮೆ, ಮತ್ತೆ ಹಿಡಿಯುವಷ್ಟರಲ್ಲಿ ಕೋಲಿನ ಮೇಲೆ ಎರಡು ದಪ್ಪ ಕೈಗಳು ಬಂದು ಕೂತಿದ್ದವು.

ಡ್ವೈಟನ ಕೈಗಳು. ಬೆರಳ ಮೇಲಿನ ಕೆಂಚು ಕೂದಲು ಕೂಡ ಕಾಣಿಸಿತು.

ಲೈಲ್, ಬಾಯಿ ತಡೆಯಲಾರದವನು, "ಹೋಯ್ತು ಯಜಮಾನೀ! ಇನ್ನು ಆ ಮೀನು ನಿಂದಲ್ಲ!" ಎಂದ. ಕೊರಿನ್ ಈಟಿ ಹಿಡಿದು ನಿಂತವಳು ಹೌದೆಂದು ತಲೆಯಾಡಿಸಿದಳು.

"ಅಯ್ಯೋ," ಎಂದ ಡ್ವೈಟ್. "ಬೇಕೂಂತ ಅಲ್ಲ ಆರ್ಡಿತ್. ಕೈ ಜಾರಿದ್ದು ಕಂಡೆ. ಹಾಗೇ ಬಂದ್ಬಿಡ್ತು."

"ಗೊತ್ತು."

"ನಿಮ್ಮದೇ ಮೀನು. ನಾನು ಬರೀ..."

"ಎಳಕೋ," ಎಂದು ಅವಳು ಕೋಲು ಬಿಟ್ಟಳು. ಪೂರ್ತಿ ಭಾರ ಒಮ್ಮೆಲೇ ಬಿದ್ದು ಅವನು ಕಟಕಟೆಗೆ ಮುಗ್ಗರಿಸಿದ. "ನೀನು ಮುಟ್ಟಿದೀಯಲ್ಲ. ಎಳಕೋ!"

ಅವಳ ದನಿ ಅವಳು ಅಂದುಕೊಂಡದ್ದಕ್ಕಿಂತ ಎತ್ತರದಲ್ಲಿ ಒಡೆಯಿತು. ಎಲ್ಲರೂ ಎಲ್ಲೆಲ್ಲೋ ನೋಡಿದರು. ಅವಳು ದೋಣಿಯ ಮುಂದಕ್ಕೆ ಹೋಗಿ ಲಂಗರಿನ ಹಗ್ಗದ ಸುರುಳಿಯ ಮೇಲೆ ಕೂತಳು. ಹಿಂದೆ ಈಟಿ ಚುಚ್ಚಿದ ಸದ್ದು, ದೊಣ್ಣೆಯ ಪೆಟ್ಟು, ಹಲಗೆಯ ಮೇಲೆ ಬಾಲ ಬಡಿಯುವುದು. ಆಮೇಲೆ ಬಾಲದ ಸದ್ದು ನಿಂತಿತು. "ಫೋಟೋಗೆ ಬನ್ನಿ ಆರ್ಡಿತ್," ಎಂದು ಕರೆದರು. ಹೋಗಲಿಲ್ಲ. ಸಿಟ್ಟು ಬಂದದ್ದು ಸರಿ. ಆದರೆ ಸಿಟ್ಟಿಗೆ ಕಾಲಿಡಲು ಜಾಗ ಸಿಗುತ್ತಿರಲಿಲ್ಲ. ಆ ಕೈಗಳಿಗೆ ಆ ಅಭ್ಯಾಸ ಕಲಿಸಿದ್ದು ಯಾರು? ಕಂಡವರ ಕೈ ಮುಂದೆ. ಗೋಣಿಸೂಜಿ ಕೊಟ್ಟ ದಿನವೇ ಕಲಿಸಿದ್ದಳು. ಅವನು ಬೇಕೆಂತಲೇ ಮಾಡಿದ್ದರೆ, ಹೊಟ್ಟೆಕಿಚ್ಚಿನಿಂದ ಮಾಡಿದ್ದರೆ, ಒಂದು ಏಟು ಬಿಗಿದು ಹಗುರಾಗಬಹುದಿತ್ತು. ಒಳ್ಳೆಯತನಕ್ಕೆ ಎಲ್ಲಿ ಹೊಡೆಯುವುದು? ಕೆನ್ನೆಯೇ ಇಲ್ಲದ ಮುಖ ಅದಕ್ಕೆ. ಮತ್ತು ಆ ಧೂಳು. ಯಾವ ಧೂಳು? ಬಾರ್ಲಿಯ ಧೂಳು, ವರ್ಷಗಳ ಹಿಂದೆ ಮೈಲೊ ಯಂತ್ರದ ಮುಂದೆ ನಿಂತ ಕೊನೆಯ ಸುಗ್ಗಿಯದು. ಯಂತ್ರದ ಮುಂದೆ ಮೈಲೊ, ಪಕ್ಕದಲ್ಲಿ ಅವಳು, ಹಿಂದೆ ಡ್ವೈಟನ ಅಪ್ಪ ಸೊಂಟದ ಮೇಲೆ ಕೈಯಿಟ್ಟು. ಗಾಳಿಬಾಗಿಲಿನ ಸನ್ನೆಕೋಲಿನ ಮೇಲೆ ಮೈಲೊನ ಕೈ ನಡುಗುತ್ತಿತ್ತು. ಗಾಳಿ ಜಾಸ್ತಿಯಾಗಿ ಒಳ್ಳೆಯ ಕಾಳೂ ಜೊಳ್ಳಿನ ಜೊತೆ ಹಾರಿಹೋಗುತ್ತಿತ್ತು. ಅವಳ ಕೈ ಹೋಯಿತು. ಅವನ ಕೈಯ ಮೇಲೆ ಕೂತು ಸನ್ನೆಕೋಲನ್ನು ಇಷ್ಟೇ ಇಷ್ಟು ಹಿಂದಕ್ಕೆ ತಳ್ಳಿತು. ಕಾಳು ಬೀಳತೊಡಗಿತು, ಚಿನ್ನದ ಹಾಗೆ. ಡ್ವೈಟನ ಅಪ್ಪ ಅವಳ ಬೆನ್ನು ತಟ್ಟಿದ. ಮೈಲೊ ಕಿವಿಮುಚ್ಚಿಗೆ ತೆಗೆದು ಕೊಕ್ಕೆಗೆ ಹಾಕಿದ. ಮಾರನೆಯ ದಿನದಿಂದ ಅವನು ಅಂಗಳ ಗುಡಿಸುತ್ತಿದ್ದ. ಅವಳು ಸಹಾಯ ಮಾಡಿದ್ದಳಷ್ಟೆ. ಕೈ ಹಾಗೇ ಹೋಗಿತ್ತು. ಹಾಗೇ ಹೋಗಿತ್ತೇ? ಬೆನ್ನು ತಟ್ಟಿಸಿಕೊಂಡಾಗ ಬೆನ್ನಿಗೆ ಬೆಚ್ಚಗಾಗಿದ್ದು ಸುಳ್ಳೇ?

ಮಧ್ಯಾಹ್ನದ ಊಟವಾದ ಮೇಲೂ ಅವಳು ಗಾಳ ಮುಟ್ಟಲಿಲ್ಲ. ಡ್ವೈಟ್ ಅವಳ ಚೀಲವನ್ನು ದೂರದಿಂದ ನೀಡಿ, ನಾಯಿಗೆ ತಟ್ಟೆ ಇಡುವವನ ಹಾಗೆ ಇಟ್ಟು ಹಿಂದೆ ಸರಿದಿದ್ದ. ದೋಣಿಯ ಬಲಮಗ್ಗುಲಲ್ಲಿ ಮೈಲೊ ಒಬ್ಬನೇ ಕೋಲು ಹಿಡಿದು ನಿಂತಿದ್ದ. ಆಗ ಎಡಮಗ್ಗುಲಲ್ಲಿ ಯಾರೋ ಕಿರುಚಿದರು. ತಿಮಿಂಗಿಲ. ಪುಸ್ ಎಂದು ಆವಿಯ ಕಂಬ ಎದ್ದಿತು. ಕೊಳೆತ ಎಲೆಕೋಸಿನಂಥ ವಾಸನೆ ಗಾಳಿಯಲ್ಲಿ ಬಂತು. ಎಲ್ಲರೂ ಅತ್ತ ಓಡಿದರು, ದೋಣಿ ಆ ಕಡೆಗೆ ವಾಲಿತು, ಕೊರಿನ್ ಕೂಡ ಹೋದಳು. ಸರಿಯಾಗಿ ಆಗಲೇ ಮೈಲೊನ ಕೋಲು ಬಾಗಿತು.

ಆರ್ಡಿತ್ ಎದ್ದು ಹೋಗಿ ಅವನ ಪಕ್ಕ ನಿಂತಳು. ಅವನಿಗೆ ಬೆನ್ನು ಮಾಡಿ, ಜನರ ಕಡೆಗೆ ಮುಖ ಮಾಡಿ, ಬಾಗಿಲಲ್ಲಿ ಕಾವಲು ನಿಂತ ಹಾಗೆ. ಯಾರೂ ಬರಕೂಡದು. ಲೈಲ್ ತಿರುಗಿ ನೋಡಿದರೆ, ಡ್ವೈಟ್ ಆ ಕರುಣೆಯ ಕೈಗಳನ್ನು ಎತ್ತಿಕೊಂಡು ಬಂದರೆ, ಇವತ್ತು ಒದ್ದು ನೀರಿಗೆ ತಳ್ಳುತ್ತಾಳೆ. ಈ ಮೀನು ಮೈಲೊನದು. ಪೂರ್ತಿ ಮೈಲೊನದು. ಅವಳ ಬೆನ್ನ ಹಿಂದೆ ರಾಟೆ ಕಿರ್ ಎಂದಿತು, ನಿಂತಿತು, ಕಿರ್ ಎಂದಿತು. ಮುದುಕನ ಉಸಿರು ಸಿಳ್ಳಿನಂತಾಗುತ್ತಿತ್ತು.

"ಹುಡುಗೀ," ಎಂದ ಮೈಲೊ. ಅವಳಿಗೆ ಐವತ್ತು ದಾಟಿ ಎಷ್ಟೋ ವರ್ಷವಾದರೂ ಅವನಿಗೆ ಅವಳು ಹುಡುಗಿಯೇ. "ಹಿಡ್ಕೋ ಸ್ವಲ್ಪ."

ಅವಳು ಅಲುಗಲಿಲ್ಲ. ಕೇಳಿಸಿತ್ತು. ಕೇಳಿಸಿದ್ದು ದಣಿವಿನ ಮಾತು, ಮೈಲೊನ ಮಾತಲ್ಲ. ಈಗ ಹಿಡಿದರೆ ನಾಳೆ ಅವನು ಮತ್ತೆ ಕಿವಿಮುಚ್ಚಿಗೆ ತೆಗೆದು ಕೊಕ್ಕೆಗೆ ಹಾಕುತ್ತಾನೆ. ಆ ಮುಖವನ್ನು ಎರಡನೆಯ ಸಲ ನೋಡಲಾರೆ.

"ನಿನ್ನ ಕೈಲಾಗುತ್ತೆ ಮೈಲೊ. ಜಗ್ಗಬೇಡ. ಹಿಡಿದಿರು."

"ಕೈಲಾಗಲ್ಲ ಅಂತ್ಲೇ ಹೇಳ್ತಿರೋದು. ಹಿಡಿ!"

ಆ ಕಡೆ ತಿಮಿಂಗಿಲದ ಬಾಲ ಎದ್ದಿರಬೇಕು. ಎಲ್ಲರೂ ಒಟ್ಟಿಗೆ ಚಪ್ಪಾಳೆ ತಟ್ಟಿದರು. ಹಿಂದೆ ಕೋಲು ಕಟಕಟೆಗೆ ಬಡಿಯಿತು. ದಾರ ದೋಣಿಯ ಅಂಚಿಗೆ ಉಜ್ಜುವ ಸಣ್ಣ ಸದ್ದು, ಆಮೇಲೆ ತಂತಿ ಕಿತ್ತ ಹಾಗೆ ಟಣ್. ತಿರುಗಿದಾಗ ಮೈಲೊ ಒದ್ದೆ ಹಲಗೆಯ ಮೇಲೆ ಕಾಲು ಚಾಚಿ ಕೂತಿದ್ದ. ಕೋಲು ಮಡಿಲಲ್ಲಿತ್ತು. ತುಂಡು ದಾರ ಗಾಳಿಗೆ ಹಾರುತ್ತಿತ್ತು.

"ನಿನ್ನದಾಗ್ಲಿ ಅಂತ," ಎಂದಳು ಅವಳು. ಮಾತು ಬಾಯಿಂದ ಹೊರಬಿದ್ದ ಕೂಡಲೇ ಹುಳಿ ಹಿಡಿಯಿತು.

"ನನಗೆ ಮೀನು ಬೇಕಿತ್ತು, ಮಹಾರಾಯ್ತಿ," ಎಂದ ಮೈಲೊ. ಅವನ ತುಟಿ ನೀಲಿಯಾಗಿತ್ತು, ಕಣ್ಣಲ್ಲಿ ಅವಳು ಯಾವತ್ತೂ ಕಂಡಿರದ ಬೆಂಕಿಯಿತ್ತು. "ಮೀನು! ತಿನ್ನೋಕೆ. ಚಳಿಗಾಲಕ್ಕೆ. ನನ್ನ ಮಾನ ಕಾಯೋಕೆ ನಿನ್ನನ್ನ ಯಾರು ಕರೆದ್ರು?"

"ಅವತ್ತು ಯಂತ್ರದ ಹತ್ರ..."

"ಅವತ್ತಿನ ಮಾತು ಈಗ್ಯಾಕೆ!" ಎಂದವನು ತಾನೇ ಮುಂದುವರಿಸಿದ. "ಅವತ್ತೂ ನೀನು ಸನ್ನೆಕೋಲು ನೋಡ್ದೆ, ಕಾಳು ನೋಡ್ದೆ, ಯಜಮಾನನ್ನ ನೋಡ್ದೆ. ನಾನು ಪಕ್ಕದಲ್ಲೇ ಇದ್ದೆ. ನನ್ನ ಕಡೆ ತಿರುಗ್ಲಿಲ್ಲ. ಇವತ್ತು ಬೆನ್ನು ಮಾಡ್ಕೊಂಡೇ ನಿಂತೆ. ಕೈ ಹಾಕಿದ್ರೂ ನಿಂದೇ ಲೆಕ್ಕ, ಹಾಕ್ದೇ ಇದ್ರೂ ನಿಂದೇ ಲೆಕ್ಕ. ಎಬ್ಬಿಸು ಈಗ."

ಅವಳು ಎಡಗೈ ಕೊಟ್ಟಳು. ಅವನು ಅದನ್ನು ನೋಡಿದ, ಬಲಗೈ ನೋಡಿದ, ಅದು ಪಕ್ಕೆಗೆ ಅಂಟಿಕೊಂಡಿದ್ದ ರೀತಿ ನೋಡಿದ. ಎಷ್ಟೋ ವರ್ಷ ಅದೇ ಯಂತ್ರದ ಮುಂದೆ ನಿಂತವನು. ಏನೂ ಕೇಳದೆ ಎಡಗೈ ಹಿಡಿದು ಎದ್ದ. ಲೈಲ್ ಓಡಿ ಬಂದು, "ಏನಾಯ್ತು ತಾತ? ಬಿದ್ಯಾ?" ಎಂದಾಗ, "ಗಾಳ ಬಂಡೆಗೆ ಸಿಕ್ಕಿತ್ತು ಕಣೋ. ದಾರ ಹೋಯ್ತು," ಎಂದು ಹೋಗಿ ಒಳಗೆ ಕೂತ.

ಆ ಒಂದು ಸುಳ್ಳನ್ನು ಅವಳು ಬಂದರಿನವರೆಗೂ ಅಗಿಯುತ್ತ ಬಂದಳು. ಅವನು ಎಲ್ಲರೆದುರು ಬೈದಿದ್ದರೆ ಚೆನ್ನಾಗಿತ್ತು. ಮಳೆ ಜೋರಾಯಿತು. ಅಲೆಯಿಂದ ಸಿಡಿದ ಉಪ್ಪುನೀರು ಕೋಟಿನ ತೋಳಿನೊಳಗೆ ಇಳಿದು ಒಳಗಿನ ಸ್ವೆಟರು ಉಬ್ಬಿ ತೋಳಿಗೆ ಬಿಗಿಯಿತು. ಭುಜ ಈಗ ನೋಯುತ್ತಿರಲಿಲ್ಲ, ಮರದ ಕೊರಡಾಗಿತ್ತು. ತನ್ನದೇ ಲೆಕ್ಕ. ಒಂದು ವಾರದಿಂದ ಡ್ವೈಟನ ಮೇಲೆ ಕುದಿದದ್ದು ಯಾವುದಕ್ಕೆ? ಅವನು ಕೇಳಲಿಲ್ಲವೆಂದು. ಅವಳು ಹೇಳಿದ್ದಳೇ? ಭುಜ ಹೋಗಿದೆ ಎಂದು ಒಬ್ಬರಿಗೆ, ಒಂದು ಸಲ, ಬಾಯಿಬಿಟ್ಟಿದ್ದಳೇ? ಬಾಗಿಲ ಹಿಂದಿನ ಮೊಳೆಗೆ ಮಾತ್ರ ಗೊತ್ತಿತ್ತು. ಹಾಗೆಂದು ಅವನ ತಪ್ಪು ತಪ್ಪಾಗದೇ ಹೋಗುವುದಿಲ್ಲ. ಕೌಂಟರಂತೆ. ಬೆಚ್ಚಗಿರುತ್ತದಂತೆ. ಸಿಟ್ಟು ಕಡಿಮೆಯಾಗಲಿಲ್ಲ, ಇಬ್ಬರ ಮೇಲೂ ಸಮನಾಗಿ ಹರಡಿಕೊಂಡು ಇನ್ನಷ್ಟು ಅಗಲವಾಯಿತು.

ದಡದಲ್ಲಿ ಮೀನುಗಳನ್ನು ಹಲಗೆಗೆ ನೇತುಹಾಕಿದರು. ಆ ದೊಡ್ಡದು ನಡುವೆ, ಬಿಳಿಹೊಟ್ಟೆ ಹೊರಗೆ ಮಾಡಿಕೊಂಡು, ಯಾರದೂ ಅಲ್ಲದ್ದು. ಕೊರಿನ್ ಚೂರಿ ಮಸೆಯುತ್ತಿದ್ದಳು. ಕೋಟುಗಳೆಲ್ಲ ಕ್ಯಾಬಿನ್ನಿನ ಬಾಗಿಲಲ್ಲಿ ರಾಶಿ ಬಿದ್ದವು. ಆರ್ಡಿತ್ ದೋಣಿಯಲ್ಲೇ ಉಳಿದಳು. ಎಡತೋಳು ಬಿಚ್ಚಿತು. ಬಲತೋಳಿನ ತುದಿಯನ್ನು ಕಟಕಟೆಯ ಗೂಟಕ್ಕೆ ಸಿಕ್ಕಿಸಿದಳು, ಜಾರಿತು. ಕಾಲಿನ ಕೆಳಗೆ ಮೆಟ್ಟಿ ನೋಡಿದಳು, ಬಗ್ಗಲಾಗಲಿಲ್ಲ. ಹಲ್ಲಿನಿಂದ ಕಚ್ಚಿ ಎಳೆದಳು. ರಬ್ಬರು, ಉಪ್ಪು, ಮೀನಿನ ರಕ್ತ ನಾಲಗೆಗೆ ಹತ್ತಿತು. ಅರ್ಧ ಕಳಚಿದ ಕೋಟು ಸೊಂಟದಿಂದ ಜೋತು, ಪೊರೆ ಬಿಡಲಾರದ ಹಾವಿನ ಹಾಗೆ ಅವಳು ಸುತ್ತ ಸುತ್ತ ತಿರುಗುತ್ತಿದ್ದಾಗ ದಡದ ಏಣಿಯ ಮೇಲೆ ಡ್ವೈಟ್ ನಿಂತಿದ್ದ. ಯಾವಾಗಿನಿಂದಲೋ. ಅವನ ಕೈ ಅರ್ಧ ಮೇಲೆದ್ದಿತು. ಆಮೇಲೆ ಅವನು ಅದನ್ನು ನೋಡಿ, ಎರಡೂ ಕೈಗಳನ್ನು ಜೇಬಿಗೆ ತುರುಕಿಕೊಂಡ.

ದಡದ ಬೆಂಚಿನ ಮೇಲೆ ಮೈಲೊ ಕೂತಿದ್ದ, ಇತ್ತಲೇ ನೋಡುತ್ತಿದ್ದ.

"ಬಾ ಇಲ್ಲಿ," ಎಂದಳು ಅವಳು.

ಡ್ವೈಟ್ ಇಳಿದು ಬಂದ.

"ನನ್ನ ಮುಖ ನೋಡು. ಭುಜ ಹೋಗಿದೆ. ಚಳಿಗಾಲದಿಂದ."

"ನನಗೆ ಸ್ವಲ್ಪ ಅನುಮಾನ ಇತ್ತು. ಅದಕ್ಕೇ ಕೌಂಟರ್..."

"ಬಾಯಿ ಮುಚ್ಚು. ನನಗೆ ಮಾತು ಮುಗಿದಿಲ್ಲ." ಅವಳು ಅರ್ಧ ಕಳಚಿದ ಕೋಟನ್ನು ಎಡಗೈಯಿಂದ ಮೇಲಕ್ಕೆತ್ತಿ ಹಿಡಿದಳು. "ಸೋಮವಾರ ಜರಡಿ ಬಿಚ್ಚಿ ತೊಳೀಬೇಕು. ನಾನೇ ನಿಂತಿರ್ತೀನಿ. ಎತ್ತೋದು ನನ್ನ ಕೈಲಾಗಲ್ಲ, ಎತ್ತೋಕೆ ಒಬ್ಬರನ್ನ ಕೊಡು. ನಾನು ಹೇಳ್ದಾಗ ಎತ್ತಬೇಕು. ಹೇಳ್ದಾಗ ಮಾತ್ರ. ಬೆಚ್ಚಗಿರೋ ಜಾಗ ನೀನೇ ಇಟ್ಕೋ."

"ಆಯ್ತು," ಎಂದ ಡ್ವೈಟ್. ಅವಳ ಮುಖವನ್ನೇ ನೋಡುತ್ತ, "ನೋಡೋಣ ಅಂತ ಹೇಳಲ್ಲ. ಆಯ್ತು," ಎಂದ.

"ಈಗ ಈ ತೋಳಿನ ತುದಿ ಹಿಡಿ."

ಹಿಡಿದ. ಹಿಡಿದ ತಕ್ಷಣ ಅವನ ಮೊಣಕೈ ಹಿಂದಕ್ಕೆ ಸರಿಯಿತು, ಅದೇ ಹಳೆಯ ಚಾಳಿ.

"ಎಳೀಬೇಡ! ಮೊಳೆ ಹಾಗೆ ನಿಲ್ಲು."

ನಿಂತ. ಅವಳು ಅವನ ಮುಖದಿಂದ ಕಣ್ಣು ಕೀಳದೆ ಒಂದು ಹೆಜ್ಜೆ ಹಿಂದಿಟ್ಟಳು, ಇನ್ನೊಂದು. ಒದ್ದೆ ರಬ್ಬರು ಅಂಗುಲ ಅಂಗುಲವಾಗಿ ಬಿಟ್ಟುಕೊಟ್ಟಿತು. ಕೊರಡು ಮತ್ತೆ ಭುಜವಾಗಿ, ನೋವು ಕಿವಿಯವರೆಗೆ ಏರಿ, ಬಾಯಿಂದ ಒಂದು ಕೆಟ್ಟ ಬೈಗುಳ ಬಂತು. ಅವನು ಕಣ್ಣು ಮಿಟುಕಿಸಲಿಲ್ಲ. ಮೊಣಕೈ, ಮುಂಗೈ, ಕಡೆಗೆ ಬೆರಳು. ಕೈ ಹೊರಗೆ ಬಂತು. ಅವಳು ಅದನ್ನು ಎದೆಗೆ ಒತ್ತಿಕೊಂಡು, ಏಣಿ ಹತ್ತಿ, ಮೈಲೊ ಕೂತಿದ್ದ ಬೆಂಚಿನ ಕಡೆಗೆ ನಡೆದಳು. ತಿರುಗಿ ನೋಡಿದಾಗ ಡ್ವೈಟ್ ಇನ್ನೂ ಅಲ್ಲೇ, ನೀರು ತೊಟ್ಟಿಕ್ಕುವ ಖಾಲಿ ತೋಳು ಹಿಡಿದುಕೊಂಡೇ ನಿಂತಿದ್ದ. ಬಿಡು ಎಂದು ಅವಳು ಹೇಳಿರಲಿಲ್ಲ.